ಮೆಮೊಗೆ ಉತ್ತರವಲ್ಲದ ಒಂದು ಪುಟ

ಕರ್ನಾಟಕದ ಆಸ್ಪತ್ರೆಗಳ ವಾರ್ಡ್ ಇನ್‌ಚಾರ್ಜ್‌ಗಳಿಗೂ ನರ್ಸಿಂಗ್ ಸೂಪರಿಂಟೆಂಡೆಂಟರಿಗೂ ಬಹಿರಂಗ ಪತ್ರ



‘ನಮ್ಮ ಸ್ಟಾಫಿಗೆ ಬರೆಯುವ ಅಭ್ಯಾಸವೇ ಇಲ್ಲ’ ಎಂದು ನಿಮ್ಮಲ್ಲಿ ಅನೇಕರು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಬರೆಯುವಷ್ಟು ಇನ್ನಾರೂ ಬರೆಯುವುದಿಲ್ಲ. ಟಿಪಿಆರ್ ಚಾರ್ಟು, ಇನ್‌ಟೇಕ್-ಔಟ್‌ಪುಟ್ ಚಾರ್ಟು, ನರ್ಸಸ್ ನೋಟ್ಸ್, ಇಂಡೆಂಟ್ ಪುಸ್ತಕ, ಸ್ಟಾಕ್ ರಿಜಿಸ್ಟರ್, ಡೇ-ನೈಟ್ ರಿಪೋರ್ಟು. ಎನ್‌ಎಬಿಎಚ್ ತಪಾಸಣೆ ಹತ್ತಿರ ಬಂತೆಂದರೆ ಇವುಗಳ ಮೇಲೆ ಇನ್ನೊಂದು ರಾಶಿ ಫಾರಂ. ಪಾಳಿ ಮುಗಿದ ಮೇಲೂ ಒಂದು ಗಂಟೆ ಕೂತು ಬರೆದು ಬಸ್ಸು ತಪ್ಪಿಸಿಕೊಳ್ಳುವವರು ನಮ್ಮ ನರ್ಸುಗಳೇ.

ಆದರೆ ಇಷ್ಟೂ ಬರವಣಿಗೆ ರೋಗಿಯ ಬಗ್ಗೆ, ಇಲ್ಲವೇ ಸಾಮಾನಿನ ಬಗ್ಗೆ. ತಾನು ಮಾಡಿದ ಕೆಲಸದ ಬಗ್ಗೆ ತಾನೇ ನಾಲ್ಕು ಸಾಲು ಬರೆಯುವ ಸಂದರ್ಭ ನಮ್ಮ ನರ್ಸಿಗೆ ಬರುವುದು ಒಂದೇ ಒಂದು: ಕೈಗೆ ಮೆಮೊ ಬಂದಾಗ. ‘ಈ ಮೆಮೊ ತಲುಪಿದ 24 ಗಂಟೆಯೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು’ ಎಂಬ ಸಾಲು ನಿಮಗೆ ಬಾಯಿಪಾಠ. ಅದಕ್ಕೆ ಬರುವ ಉತ್ತರವೂ ಬಾಯಿಪಾಠವೇ. ಕೆಲಸದ ಒತ್ತಡವಿತ್ತು, ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ದಯವಿಟ್ಟು ಮನ್ನಿಸಬೇಕು. ಪತ್ರ ಫೈಲಿಗೆ ಹೋಗುತ್ತದೆ. ಬರೆದವಳು ಕಲಿತದ್ದು, ಮುಂದಿನ ಸಲ ಸಿಕ್ಕಿಹಾಕಿಕೊಳ್ಳಬಾರದು ಎಂಬುದಷ್ಟೇ.

ಹೀಗೆ ಸಮಜಾಯಿಷಿ ಬರೆದೇ ಪಳಗಿದ ಕೈಗೆ ಇನ್ನೊಂದು ಬಗೆಯ ಬರವಣಿಗೆಯನ್ನು ಕಲಿಸಿಕೊಡಿ ಎಂದು ಕೇಳಲು ಈ ಪತ್ರ. ರಿಫ್ಲೆಕ್ಟಿವ್ ಪ್ರಾಕ್ಟೀಸ್ ಎಂಬ ಹೆಸರಿನಲ್ಲಿ ನಮ್ಮ ಕಾಲೇಜುಗಳಲ್ಲಿ ಅದರ ಪಾಠ ನಡೆಯುತ್ತದೆ. ಮಾಡಿದ ಕೆಲಸದತ್ತ ಹೊರಳಿ ನೋಡುವುದು, ಅಲ್ಲಿ ಏನಾಯಿತು, ಯಾಕಾಯಿತು ಎಂದು ಬಿಡಿಸಿಕೊಳ್ಳುವುದು, ಮುಂದಿನ ಸಲ ಬೇರೇನು ಮಾಡಬೇಕೆಂದು ತೀರ್ಮಾನಿಸುವುದು. ಇಲ್ಲಿ ಅದನ್ನು ಮರುನೋಟ ಎಂದು ಕರೆಯುತ್ತೇನೆ. ಪತ್ರವನ್ನು ಸ್ಟಾಫ್ ನರ್ಸುಗಳಿಗೆ ಬರೆಯದೆ ನಿಮಗೆ ಬರೆಯಲು ಕಾರಣವಿದೆ. ಮರುನೋಟದ ಮೊದಲ ಪುಟವನ್ನು ಒಬ್ಬ ಹುಡುಗಿ ಪ್ರಾಮಾಣಿಕವಾಗಿ ಬರೆದಳು ಅಂತಿಟ್ಟುಕೊಳ್ಳಿ. ಎರಡನೆಯ ಪುಟ ಬರೆಯುತ್ತಾಳೋ ಇಲ್ಲವೋ ಎಂಬುದು ಮೊದಲನೆಯದನ್ನು ಓದಿದಾಗ ನಿಮ್ಮ ಮುಖ ಹೇಗಿತ್ತು ಎಂಬುದರ ಮೇಲೆ ನಿಂತಿದೆ.

ಇದರ ಹಿಂದಿನ ವಿಚಾರ ಹೊಸದೇನಲ್ಲ. ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲೇ ಚಿಂತನೆಯ ಬಗೆಯನ್ನು ಕುರಿತು ಪುಸ್ತಕ ಬರೆದಿದ್ದ. 1983ರಲ್ಲಿ ಡೊನಾಲ್ಡ್ ಶಾನ್ ಎಂಬ ವಿದ್ವಾಂಸ, ವೃತ್ತಿಯಲ್ಲಿರುವವರು ಎರಡು ಹೊತ್ತಿನಲ್ಲಿ ಯೋಚಿಸುತ್ತಾರೆ ಎಂದು ತೋರಿಸಿದ: ಕೆಲಸ ಮಾಡುತ್ತಿರುವಾಗಲೇ ಒಂದು, ಮುಗಿದ ಮೇಲೆ ಇನ್ನೊಂದು. 1988ರಲ್ಲಿ ಇಂಗ್ಲೆಂಡಿನ ಗ್ರಹಾಂ ಗಿಬ್ಸ್ ಅದನ್ನು ಆರು ಹಂತಗಳ ಚಕ್ರ ಮಾಡಿದ. ನಡೆದದ್ದು, ಆಗ ಅನ್ನಿಸಿದ್ದು, ಸರಿಯಾದದ್ದು-ತಪ್ಪಿದ್ದು, ಕಾರಣಗಳು, ತೀರ್ಮಾನ, ಮುಂದಿನ ಕ್ರಮ. ಶಾಲಾ ಶಿಕ್ಷಕರೂ ಸಮಾಜ ಕಾರ್ಯಕರ್ತರೂ ಇದನ್ನು ಬಳಸುತ್ತಾರೆ. ಆದರೆ ನರ್ಸಿಂಗ್ ಇದನ್ನು ಅಪ್ಪಿಕೊಂಡಷ್ಟು ಗಟ್ಟಿಯಾಗಿ ಬೇರೆ ವೃತ್ತಿಗಳು ಅಪ್ಪಿಕೊಂಡಂತೆ ಕಾಣೆ. ನಮ್ಮ ಕಾಲೇಜುಗಳಲ್ಲಿ ಮಾತ್ರ ಇದು ಆರು ಅಂಕದ ಪ್ರಶ್ನೆಗೆ ಬರೆಯುವ ಚಿತ್ರವಾಗಿ ಉಳಿದಿದೆ. ವೃತ್ತ ಎಳೆದು, ಬಾಣ ಹಾಕಿ, ಪೆನ್ಸಿಲಿನಲ್ಲಿ ಹೆಸರು ಬರೆದರೆ ಮುಗಿಯಿತು.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಇದು ಯಾವ ಒಂದು ಆಸ್ಪತ್ರೆಯದೂ ಅಲ್ಲ, ಆದರೆ ಎಲ್ಲಿ ಬೇಕಾದರೂ ಆಗಬಹುದಾದದ್ದು. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಎರಡು ಬಗೆ. 40ರದಕ್ಕೆ ಕೆಂಪು ಕ್ಯಾಪು, 100ರದಕ್ಕೆ ಕಿತ್ತಳೆ ಕ್ಯಾಪು. ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 100ರ ವಯಲ್‌ನಿಂದ 20ರ ಗೆರೆವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ನಸುಕಿನಲ್ಲಿ ಶುಗರ್ ಇಳಿದು ವಯಸ್ಸಾದ ರೋಗಿ ಎಚ್ಚರ ತಪ್ಪಲು ಅಷ್ಟು ಸಾಕು.

ಒಬ್ಬ ನರ್ಸ್ ರಾತ್ರಿ ಪಾಳಿಯ ಕೊನೆಗೆ ಈ ತಪ್ಪಿನ ಅಂಚಿಗೆ ಬಂದು ನಿಂತಳು ಎನ್ನಿ. ಚುಚ್ಚಲಿಲ್ಲ, ಅಷ್ಟರಲ್ಲಿ ತಡೆಯಿತು. ವಿಷಯ ಹೇಗೋ ನಿಮ್ಮ ಕಿವಿಗೆ ಬಿದ್ದು ಮೆಮೊ ಕೊಟ್ಟಿದ್ದರೆ ಬರುತ್ತಿದ್ದ ಉತ್ತರ ಇದು: ‘ದಿನಾಂಕದಂದು ರಾತ್ರಿ ಪಾಳಿಯಲ್ಲಿ ಕೆಲಸದ ಒತ್ತಡವಿದ್ದ ಕಾರಣ ಸಿರಿಂಜ್ ಬದಲಾಗಿದ್ದು ಗಮನಕ್ಕೆ ಬಂದಿರುವುದಿಲ್ಲ. ರೋಗಿಗೆ ಯಾವುದೇ ತೊಂದರೆ ಉಂಟಾಗಿರುವುದಿಲ್ಲ.’ ಮುಗಿಯಿತು.

ಅದೇ ಹುಡುಗಿ ಯಾರ ಭಯವೂ ಇಲ್ಲದೆ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಹೀಗಿರುತ್ತದೆ:

‘ಬೆಳಿಗ್ಗೆ ಆರೂವರೆ. ವಾರ್ಡ್ ಸ್ಟಾಕ್ ಎಲ್ಲ 40ರದು. ಈ ಅಜ್ಜನಿಗೆ ಮಾತ್ರ ಮಗ ಹೊರಗಿನ ಮೆಡಿಕಲ್ಸ್‌ನಿಂದ ತಂದುಕೊಟ್ಟಿದ್ದು 100ರದು. ಫ್ರಿಜ್ಜಿನಲ್ಲಿ ಎರಡೂ ಒಂದೇ ಟ್ರೇಯಲ್ಲಿದ್ದವು. ಕೆಂಪು ಕ್ಯಾಪಿನ ಸಿರಿಂಜ್ ಕೈಗೆ ಸಿಕ್ಕಿತು, ಎಳೆದೆ. ಅಜ್ಜ ನೋಡಿ, ನಮ್ಮನೇಲಿರೋ ಸೂಜಿದು ಮುಚ್ಚಳ ಬೇರೆ ಬಣ್ಣ ಕಣಮ್ಮಾ ಅಂದರು. ಅದಕ್ಕೇನಜ್ಜ ಎಲ್ಲ ಒಂದೇ ಅನ್ನೋಕೆ ಬಾಯಿ ತೆಗೆದಿದ್ದೆ. ಆಮೇಲೆ ವಯಲ್ ತಿರುಗಿಸಿ ನೋಡಿದೆ. ಕೈ ನಡುಗಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಬೈಗುಳ ಅಂತ. ಯಾಕೆ ಹೀಗಾಯ್ತು ಅಂತ ಯೋಚಿಸಿದರೆ, ಓವರ್ ತಗೊಳ್ಳುವಾಗ ಇನ್ಸುಲಿನ್ 20 ಅಂದರು, ಯಾವ ವಯಲ್ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊರಗಿನಿಂದ ಬಂದ ಔಷಧಿ ಎಲ್ಲಿಡಬೇಕು ಅಂತ ನಮ್ಮಲ್ಲಿ ನಿಯಮವೇ ಇಲ್ಲ. ಇನ್ನು ಮುಂದೆ ಓವರ್‌ನಲ್ಲಿ ವಯಲ್ ಕೈಯಲ್ಲಿ ಹಿಡಿದೇ ಹೇಳಬೇಕು. 100ರದಕ್ಕೆ ಬೇರೆ ಡಬ್ಬಿ ಬೇಕು, ಸಿರಿಂಜ್ ಅದರ ಜೊತೆಗೇ ಇರಬೇಕು. ರೋಗಿ ಏನಾದರೂ ಅನುಮಾನ ಹೇಳಿದರೆ ಸೂಜಿ ಕೆಳಗಿಟ್ಟು ಕೇಳಬೇಕು.’

ಗಿಬ್ಸ್‌ನ ಆರೂ ಹಂತ ಇದರಲ್ಲಿವೆ, ಯಾವುದಕ್ಕೂ ತಲೆಬರಹವಿಲ್ಲ. ಮೆಮೊದ ಉತ್ತರದಲ್ಲಿ ಇಲ್ಲದ್ದು ಇಲ್ಲೇನಿದೆ ನೋಡಿ. ಹೊರಗಿನಿಂದ ಬಂದ ವಯಲ್ ಇದೆ, ಒಂದೇ ಟ್ರೇ ಇದೆ, ಅರ್ಧ ಮಾತಿನ ಹ್ಯಾಂಡ್‌ಓವರ್ ಇದೆ, ರೋಗಿಯ ಮಾತನ್ನು ತಳ್ಳಿಹಾಕಲು ಹೊರಟಿದ್ದ ನಮ್ಮ ಹಳೆಯ ಚಾಳಿಯೂ ಇದೆ. ಅವಳು ಸ್ವತಃ ತಿದ್ದಿಕೊಳ್ಳಬಹುದಾದದ್ದು ಎರಡು. ಡಬ್ಬಿ, ನಿಯಮ ನಿಮ್ಮ ಕೈಲಿರುವುದು. ಒಬ್ಬಳ ಎಚ್ಚರಗೇಡಿತನ ಎಂದು ಫೈಲು ಮುಚ್ಚಿದ್ದರೆ, ಮುಂದಿನ ತಿಂಗಳು ಇನ್ನೊಬ್ಬಳು ಅದೇ ಫ್ರಿಜ್ಜಿನ ಮುಂದೆ ನಿಂತಿರುತ್ತಿದ್ದಳು.

ತಪ್ಪು ನಡೆದಾಗ ಮಾತ್ರ ಮರುನೋಟ ಎಂದುಕೊಳ್ಳಬೇಡಿ. ನನ್ನ ಅನುಭವದಲ್ಲಿ ಅದರ ದೊಡ್ಡ ಲಾಭ ಇರುವುದು ಚೆನ್ನಾಗಿ ನಡೆದ ಕೆಲಸದಲ್ಲಿ. ಪ್ರತಿ ಆಸ್ಪತ್ರೆಯಲ್ಲೂ ಒಬ್ಬ ಸೀನಿಯರ್ ಸಿಸ್ಟರ್ ಇರುತ್ತಾರೆ. ವಾರ್ಡಿನ ಬಾಗಿಲಲ್ಲಿ ನಿಂತು, ‘ಹನ್ನೆರಡನೇ ಬೆಡ್ ಯಾಕೋ ಸರಿ ಕಾಣ್ತಿಲ್ಲ’ ಎನ್ನುತ್ತಾರೆ. ಬಿಪಿ ಸರಿಯಿರುತ್ತದೆ, ಸ್ಯಾಚುರೇಷನ್ ಸರಿಯಿರುತ್ತದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ ‘ವೈಟಲ್ಸ್ ನಾರ್ಮಲ್ ಇದೆಯಲ್ಲ ಸಿಸ್ಟರ್’ ಎಂದು ಇಡುತ್ತಾರೆ. ಮೂರು ಗಂಟೆಯ ಹೊತ್ತಿಗೆ ರೋಗಿಯನ್ನು ಐಸಿಯುಗೆ ಒಯ್ಯುತ್ತಿರುತ್ತಾರೆ. ಪೆಟ್ರೀಶಿಯಾ ಬೆನ್ನರ್ 1984ರಲ್ಲಿ ಹೊಸ ನರ್ಸ್ ಪರಿಣತಳಾಗುವ ಐದು ಹಂತಗಳನ್ನು ವಿವರಿಸಿದ್ದು ಇಂಥ ಸಿಸ್ಟರ್‌ಗಳ ಬಾಯಿಂದ ಅವರ ಅನುಭವಗಳನ್ನು ಹೇಳಿಸಿ, ಕೇಳಿ. ಪರಿಣತೆಗೆ ಗೊತ್ತಿರುತ್ತದೆ, ಹೇಗೆ ಗೊತ್ತಾಯಿತು ಎಂದು ಹೇಳಲು ಅವಳಿಗೇ ಆಗುವುದಿಲ್ಲ.

ಆ ಸಿಸ್ಟರ್ ಮಾರನೆಯ ದಿನ ಕೂತು, ‘ನನಗೆ ಯಾಕೆ ಅನುಮಾನ ಬಂತು’ ಎಂದು ಬಿಡಿಸಿ ಬರೆದರೆ ಏನು ಸಿಗುತ್ತದೆ? ಬಹುಶಃ ಮೊದಲು ಸಿಗುವುದು ಉಸಿರು. ರೋಗಿ ಮಾತಾಡುತ್ತ ಮಾತಾಡುತ್ತ ವಾಕ್ಯದ ನಡುವೆ ನಿಲ್ಲಿಸುತ್ತಿದ್ದ, ಎದೆ ಬೇಗ ಬೇಗ ಏಳುತ್ತಿತ್ತು. ರೋಗಿ ಹದಗೆಡುತ್ತಿರುವುದನ್ನು ಎಲ್ಲಕ್ಕಿಂತ ಮುಂಚೆ ಹೇಳುವ ಗುರುತುಗಳಲ್ಲಿ ಉಸಿರಾಟದ ವೇಗ ಒಂದು. ನಮ್ಮ ಟಿಪಿಆರ್ ಚಾರ್ಟಿನಲ್ಲಿ ಅದರ ಗತಿ ಏನಾಗಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಇಡೀ ವಾರ್ಡಿಗೆ ಒಂದೇ ಅಂಕಿ, 20. ನ್ಯುಮೋನಿಯಾದವನಿಗೂ 20, ಹರ್ನಿಯಾ ಆಪರೇಷನ್ನಿಗೆ ಬಂದವನಿಗೂ 20. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸುವ ವ್ಯವಧಾನ ಯಾರಿಗಿದೆ? ತನ್ನ ಅನುಮಾನದ ಮೂಲ ಉಸಿರಿನಲ್ಲಿತ್ತು ಎಂದು ಕಂಡುಕೊಂಡ ಸಿಸ್ಟರ್ ಮುಂದಿನ ಸಲ ಡಾಕ್ಟರಿಗೆ ‘ಸರಿ ಕಾಣ್ತಿಲ್ಲ’ ಎನ್ನುವುದಿಲ್ಲ. ‘ಒಂಬತ್ತಕ್ಕೆ 18 ಇತ್ತು, ಈಗ 28 ಆಗಿದೆ’ ಎನ್ನುತ್ತಾರೆ. ಆ ಮಾತಿಗೆ ಡಾಕ್ಟರ್ ಎದ್ದು ಬರುತ್ತಾರೆ. ಅವರ ಜೊತೆ ಡ್ಯೂಟಿ ಮಾಡುವ ಜೂನಿಯರ್ ಕೂಡ ಎಣಿಸಲು ಕಲಿಯುತ್ತಾಳೆ. ಹೀಗೆ ಮಾತಿಗಿಳಿಸದೆ ಇದ್ದರೆ ಮೂವತ್ತು ವರ್ಷದ ತಿಳಿವಳಿಕೆ ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಮನೆಗೆ ಹೋಗಿಬಿಡುತ್ತದೆ.

ಪ್ರತಿವರ್ಷ ಮೇ 12ರಂದು ಮೇಣದ ಬತ್ತಿ ಹಚ್ಚಿ ಪ್ರತಿಜ್ಞೆ ತೆಗೆದುಕೊಳ್ಳುತ್ತೇವಲ್ಲ, ಆ ಫ್ಲಾರೆನ್ಸ್ ನೈಟಿಂಗೇಲ್‌ಳ ಬದುಕಿನಲ್ಲಿ ದೀಪಕ್ಕಿಂತ ದೊಡ್ಡ ಸಂಗತಿ ಆಕೆ ನಡೆಸಿದ ಮರುನೋಟವೇ ಎಂದು ನನ್ನ ಎಣಿಕೆ. 1854ರ ನವೆಂಬರಿನಲ್ಲಿ, ಯುದ್ಧದ ನಡುವೆ, ಆಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ, ಏರಿತು. ಸೈನಿಕರು ತೀರಾ ನಿತ್ರಾಣರಾಗಿ ಬರುತ್ತಾರೆ, ಆಹಾರ-ಬಟ್ಟೆ ಸಾಲದು ಎಂದು ಆಗ ಆಕೆ ನಂಬಿದ್ದಳು. 1855ರ ಮಾರ್ಚಿನಲ್ಲಿ ಸರ್ಕಾರದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಸಾವಿನ ಸಂಖ್ಯೆ ಕುಸಿಯಿತು. ಯುದ್ಧ ಮುಗಿದು ಲಂಡನ್ನಿಗೆ ಮರಳಿದ ಆಕೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞನ ಜೊತೆ ಕೂತು ತನ್ನದೇ ಆಸ್ಪತ್ರೆಯ ಲೆಕ್ಕವನ್ನು ಮತ್ತೆ ತೆಗೆದಳು. ಸೈನಿಕರು ಸತ್ತಿದ್ದು ಹೆಚ್ಚಾಗಿ ಗಾಯದಿಂದಲ್ಲ, ಆಸ್ಪತ್ರೆಯ ಕೊಳಕಿನಿಂದ ಹಬ್ಬಿದ ರೋಗಗಳಿಂದ ಎಂಬುದು ಎದುರಿಗೆ ಬಂತು. ಜಗತ್ತೇ ದೇವತೆ ಎಂದು ಹಾಡಿ ಹೊಗಳುತ್ತಿದ್ದ ಹೊತ್ತಿನಲ್ಲಿ ತನ್ನ ನಂಬಿಕೆಯನ್ನು ಕೈಬಿಟ್ಟು, 1858ರಲ್ಲಿ ಬಣ್ಣದ ನಕ್ಷೆಗಳನ್ನು ಬರೆಸಿ ಸರ್ಕಾರದ ಮುಂದಿಟ್ಟಳು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ತೆರೆದಾಗ ಅಲ್ಲಿನ ವಿದ್ಯಾರ್ಥಿನಿಯರು ಡೈರಿ ಬರೆಯಬೇಕಿತ್ತು. ನಾವು ಇಂಗ್ಲಿಷರಿಂದ ಟೋಪಿಯನ್ನು ತಂದೆವು, ಬೆಲ್ಟನ್ನು ತಂದೆವು. ಡೈರಿ ಅಲ್ಲೇ ಉಳಿಯಿತು.

ಅದೇ ಇಂಗ್ಲೆಂಡಿನಲ್ಲಿ ಈಗ ಏನು ನಡೆಯುತ್ತಿದೆ ಎಂಬುದು ನಮ್ಮ ಮಕ್ಕಳಿಂದಲೇ ನಮಗೆ ಗೊತ್ತಾಗುತ್ತದೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಕಲಿತವರು ಅಲ್ಲಿನ ವಾರ್ಡುಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2016ರ ಏಪ್ರಿಲ್‌ನಿಂದ ನೋಂದಣಿ ನವೀಕರಣಕ್ಕೆ ಹೊಸ ಕ್ರಮ ತಂದಿತು. ಮೂರು ವರ್ಷಕ್ಕೊಮ್ಮೆ 450 ಗಂಟೆಯ ಸೇವೆ, 35 ಗಂಟೆಯ ಕಲಿಕೆ ತೋರಿಸಬೇಕು. ಅದರ ಜೊತೆಗೆ ತನ್ನ ಕೆಲಸದ ಬಗ್ಗೆ ಬೇರೆಯವರು ಹೇಳಿದ ಐದು ಅಭಿಪ್ರಾಯಗಳು, ತಾನೇ ಬರೆದ ಐದು ಮರುನೋಟಗಳು ಇರಬೇಕು. ಆ ಐದು ಮರುನೋಟಗಳನ್ನೂ ಮುಂದಿಟ್ಟುಕೊಂಡು ಇನ್ನೊಬ್ಬ ನೋಂದಾಯಿತ ನರ್ಸ್ ಜೊತೆ ಕೂತು ಮಾತಾಡಬೇಕು. ನನಗೆ ಹಿಡಿಸಿದ್ದು ಒಂದು ಅಂಶ. ಬರೆದದ್ದನ್ನು ಕೌನ್ಸಿಲ್ ತರಿಸಿಕೊಂಡು ಓದುವುದಿಲ್ಲ. ಅದು ಬರೆದವಳ ಬಳಿಯೇ ಇರುತ್ತದೆ. ಮಾತುಕತೆ ನಡೆಯಿತು ಎಂಬುದಷ್ಟೇ ದಾಖಲೆ.

ನಮ್ಮಲ್ಲೂ ನವೀಕರಣವಿದೆ. ಐದು ವರ್ಷದಲ್ಲಿ 150 ಗಂಟೆಯ ನಿರಂತರ ಶಿಕ್ಷಣ. ಆ ಗಂಟೆಗಳನ್ನು ನಾವು ಹೇಗೆ ತುಂಬಿಸುತ್ತೇವೆ? ಯಾವುದೋ ಹೋಟೆಲಿನ ಹಾಲ್, ಉದ್ಘಾಟನೆಗೆ ಗಣ್ಯರು, ದೀಪ, ಸ್ವಾಗತ ಗೀತೆ, ಹನ್ನೊಂದೂವರೆಗೆ ಮೊದಲ ಸ್ಲೈಡ್, ಒಂದಕ್ಕೆ ಊಟ, ಬ್ಯಾನರ್ ಮುಂದೆ ಗ್ರೂಪ್ ಫೋಟೊ, ಸರ್ಟಿಫಿಕೇಟ್. ಊಟ ಚೆನ್ನಾಗಿರುತ್ತದೆ, ಅದನ್ನು ದೂರಲಾರೆ. ಆದರೆ ಸೋಮವಾರ ಬೆಳಿಗ್ಗೆ ವಾರ್ಡಿನಲ್ಲಿ ಏನು ಬದಲಾಯಿತು ಎಂದು ಯಾರೂ ಕೇಳುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ 1947ರ ಕಾಯ್ದೆಯ ಜಾಗಕ್ಕೆ ತರಲೆಂದು 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಕಲಿಕೆಯ ಗಂಟೆಗಳನ್ನು ಎಣಿಸುವ ಹೊಸ ನಿಯಮ ಬರುವಾಗ ವಾರ್ಡಿನೊಳಗೇ ಕೂತು ನಡೆಸಿದ ಮರುನೋಟದ ಮಾತುಕತೆಗೂ ಅದರಲ್ಲಿ ಜಾಗ ಸಿಗಬೇಕೆಂದು ನೀವು ಒತ್ತಾಯಿಸಬಹುದು. ನಿಮ್ಮ ಸಂಘಗಳ ಮಾತಿಗೆ ಬೆಲೆಯಿದೆ.

ಇಂಗ್ಲೆಂಡನ್ನು ಹೊಗಳಿ ಮುಗಿಸುವ ಹಾಗೂ ಇಲ್ಲ. ಕಡ್ಡಾಯ ಮಾಡಿದ್ದರಿಂದ ಅಲ್ಲೂ ಎಷ್ಟೋ ಜನ ನವೀಕರಣದ ತಿಂಗಳಲ್ಲಿ ಐದು ಮರುನೋಟಗಳನ್ನೂ ಒಂದೇ ರಾತ್ರಿ ಕೂತು ಬರೆಯುತ್ತಾರೆ ಎಂಬ ದೂರಿದೆ. ನಮ್ಮ ಹುಡುಗಿಯರೇನು ಕಡಿಮೆಯೇ? ಕೇರ್ ಪ್ಲಾನ್, ಕೇಸ್ ಸ್ಟಡಿ ರೆಕಾರ್ಡುಗಳು ಸೀನಿಯರ್‌ನಿಂದ ಜೂನಿಯರ್‌ಗೆ ವಂಶಪಾರಂಪರ್ಯವಾಗಿ ಇಳಿದು ಬರುತ್ತವೆ; ರೋಗಿಯ ವಯಸ್ಸು ಬದಲಾಗುತ್ತದೆ, ಕಾಯಿಲೆ ಬದಲಾಗುವುದಿಲ್ಲ. ಈಗಂತೂ ಮೊಬೈಲಿಗೆ ಒಂದು ಸಾಲು ಹೇಳಿದರೆ ಕಣ್ಣೀರು ತರಿಸುವ ಮರುನೋಟವನ್ನು ಅದೇ ಬರೆದುಕೊಡುತ್ತದೆ. ವಾರಕ್ಕೊಂದು ಬರೆಯಲೇಬೇಕು, ಎರಡು ಪುಟ ಇರಲೇಬೇಕು ಎಂದು ನೀವು ಸುತ್ತೋಲೆ ಹೊರಡಿಸಿದ ದಿನವೇ ಈ ಅಭ್ಯಾಸ ಸತ್ತಿತು ಎಂದು ತಿಳಿಯಿರಿ.

ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಹಟವೂ ಬೇಡ. ಕೇಸ್ ಶೀಟ್ ಇಂಗ್ಲಿಷಿನಲ್ಲಿರಲಿ, ಅದಕ್ಕೆ ಕಾರಣವಿದೆ. ಆದರೆ ಮಗು ತೀರಿಕೊಂಡ ರಾತ್ರಿ ತನಗೇನಾಯಿತು ಎಂಬುದನ್ನು ಕೊಪ್ಪಳದ ಹುಡುಗಿ ಕೊಪ್ಪಳದ ಕನ್ನಡದಲ್ಲೇ ಬರೆಯಲಿ, ಕೇರಳದಿಂದ ಬಂದವಳು ಮಲಯಾಳಂನಲ್ಲಿ ಬರೆಯಲಿ. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಬರೆದಾಗ ಅನ್ನಿಸಿದ್ದು ಬರುವುದಿಲ್ಲ, ಬರೆಯಲು ಬರುವುದು ಮಾತ್ರ ಬರುತ್ತದೆ.

ಹೆರಿಗೆ ವಾರ್ಡಿನ ವಿಷಯವನ್ನು ಎತ್ತದೆ ಹೋದರೆ ಈ ಪತ್ರಕ್ಕೆ ಅರ್ಥವಿಲ್ಲ. ನೋವು ತಿನ್ನುತ್ತಿರುವ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಎಂಥ ಮಾತು ಬೀಳುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಹೆತ್ತು ಬಂದವರಿಗೆಲ್ಲ ಗೊತ್ತು. 2017ರಲ್ಲಿ ಕೇಂದ್ರ ಸರ್ಕಾರ ಲಕ್ಷ್ಯ ಕಾರ್ಯಕ್ರಮ ತಂದು ಹೆರಿಗೆ ಕೋಣೆಯ ಗುಣಮಟ್ಟದಲ್ಲಿ ಗೌರವದ ನಡವಳಿಕೆಯನ್ನೂ ಸೇರಿಸಿತು. ಪರದೆ ಬಂತು, ಹೊಸ ಟೇಬಲ್ ಬಂತು, ಗೋಡೆಗೆ ಪೋಸ್ಟರ್ ಬಂತು. ಬೈಗುಳ ಪೋಸ್ಟರಿನಿಂದ ನಿಲ್ಲುವುದಿಲ್ಲ. ‘ಯಾಕೆ ಬೈದೆ’ ಎಂದು ಮೇಲಿನವರು ಕೇಳಿದರೆ ‘ಬೈಯದಿದ್ದರೆ ಅವಳು ಸಹಕರಿಸುತ್ತಿರಲಿಲ್ಲ’ ಎಂಬ ಸಿದ್ಧ ಉತ್ತರವಿದೆ. ‘ನಾನು ಯಾವಾಗ ಬೈಯುತ್ತೇನೆ’ ಎಂದು ತನ್ನನ್ನೇ ಕೇಳಿಕೊಂಡವಳಿಗೆ ಬೇರೆ ಉತ್ತರಗಳು ಸಿಗುತ್ತವೆ. ಒಂದೇ ಹೊತ್ತಿಗೆ ಮೂರು ಹೆರಿಗೆ ಬಂದಾಗ. ಮಗುವಿನ ಎದೆಬಡಿತ ಇಳಿಯುತ್ತಿದ್ದು, ಡಾಕ್ಟರ್ ಬರುವುದು ತಡವಾದಾಗ. ತನಗೇ ಹೆದರಿಕೆಯಾದಾಗ. ತಾನು ವಿದ್ಯಾರ್ಥಿಯಾಗಿದ್ದಾಗ ಇದೇ ಕೋಣೆಯಲ್ಲಿ ಇದೇ ಧ್ವನಿಯಲ್ಲಿ ಬೈಯುತ್ತಿದ್ದ ಸಿಸ್ಟರ್ ಒಬ್ಬರ ಮಾತು ತನ್ನ ಬಾಯಿಂದ ಬರುತ್ತಿದೆ ಎಂದು ಹೊಳೆಯುವುದೂ ಉಂಟು. ಹೆದರಿಕೆಯಿಂದ ಬಂದ ಬೈಗುಳಕ್ಕೆ ಮದ್ದು ಬೇರೆ, ಬಡವಳೆಂಬ ತಾತ್ಸಾರದಿಂದ ಬಂದ ಬೈಗುಳಕ್ಕೆ ಮದ್ದು ಬೇರೆ. ಎರಡನೆಯದನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ. ಬರೆದು ಹರಿದುಹಾಕಿದರೂ ಪರವಾಗಿಲ್ಲ, ಒಮ್ಮೆ ಬರೆದಿರಬೇಕು.

‘ಇದಕ್ಕೆಲ್ಲ ಟೈಮೆಲ್ಲಿದೆ ಮೇಡಂ?’ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಭಾರತೀಯ ನರ್ಸಿಂಗ್ ಪರಿಷತ್ತು ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಾದರೆ ಮೂರಕ್ಕೆ ಒಬ್ಬರು ಎನ್ನುತ್ತದೆ. ರಾತ್ರಿ ಪಾಳಿಯಲ್ಲಿ 30-40 ಹಾಸಿಗೆಗೆ ಒಬ್ಬಳೇ ಓಡಾಡುವ ವಾರ್ಡುಗಳನ್ನು ನೀವೂ ನಡೆಸಿದ್ದೀರಿ. ಆ ಕೊರತೆಯನ್ನು ಮರುನೋಟ ತುಂಬುವುದಿಲ್ಲ. ನನ್ನ ದೊಡ್ಡ ಭಯವೂ ಇದೇ. ಜನ ಕೊಡದೆ, ಸಾಮಾನು ಕೊಡದೆ, ‘ನಿನ್ನನ್ನು ನೀನು ತಿದ್ದಿಕೋ’ ಎಂದು ನೋಟ್‌ಬುಕ್ ಕೈಗಿಟ್ಟರೆ ಅದು ಮೆಮೊಗಿಂತ ಕ್ರೂರ. ಹತ್ತು ನೋಟ್‌ಬುಕ್ಕುಗಳಲ್ಲಿ ‘ಒಬ್ಬಳೇ ಇದ್ದೆ’ ಎಂದು ಬಂದರೆ ಅದನ್ನು ಆಡಳಿತದವರ ಮೇಜಿಗೆ ಒಯ್ಯುವ ಜವಾಬ್ದಾರಿ ನಿಮ್ಮದು. ಹುಡುಗಿಯರು ಬರೆದದ್ದು ಆಗ ನಿಮಗೂ ಆಧಾರ.

ಇನ್ನು ಕಾನೂನಿನ ಭಯ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2011ರಲ್ಲಿ ಆರು ವರ್ಷದ ಹುಡುಗನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. 2015ರಲ್ಲಿ ಹಡೀಜಾ ಬಾವಾ-ಗಾರ್ಬಾ ಎಂಬ ಕಿರಿಯ ವೈದ್ಯೆಗೂ ಒಬ್ಬ ನರ್ಸಿಗೂ ಶಿಕ್ಷೆಯಾಯಿತು. ಆ ದಿನ ಸಿಬ್ಬಂದಿ ಕೊರತೆಯಿತ್ತು, ಕಂಪ್ಯೂಟರ್ ವ್ಯವಸ್ಥೆ ಕೆಟ್ಟಿತ್ತು. 2018ರ ಜನವರಿಯಲ್ಲಿ ಹೈಕೋರ್ಟ್ ಆ ವೈದ್ಯೆಯ ನೋಂದಣಿ ರದ್ದುಪಡಿಸಿತು. ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿತು. ಈ ಪ್ರಕರಣದ ನಂತರ, ಪ್ರಾಮಾಣಿಕವಾಗಿ ಬರೆದುಕೊಂಡದ್ದು ನಾಳೆ ನಮ್ಮ ವಿರುದ್ಧವೇ ತಿರುಗುತ್ತದೆ ಎಂಬ ಹೆದರಿಕೆ ಅಲ್ಲಿನ ವೈದ್ಯರಲ್ಲೂ ನರ್ಸುಗಳಲ್ಲೂ ಕಾಳ್ಗಿಚ್ಚಿನ ಹಾಗೆ ಹಬ್ಬಿತು. 2019ರಲ್ಲಿ ಅಲ್ಲಿಯ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಗಳು ಒಟ್ಟಾಗಿ ಹೇಳಿಕೆ ಕೊಟ್ಟು ಧೈರ್ಯ ಹೇಳಬೇಕಾಯಿತು.

ಅದರಿಂದ ನಾವು ಕಲಿಯಬೇಕಾದ್ದು ಬರೆಯಬಾರದೆಂದಲ್ಲ, ಹೇಗೆ ಬರೆಯಬೇಕೆಂದು. ರೋಗಿಯ ಹೆಸರು, ಬೆಡ್ ನಂಬರು, ಐಪಿ ನಂಬರು, ತಾರೀಖು ನೋಟ್‌ಬುಕ್ಕಿನಲ್ಲಿ ಬೇಡ. ಡಾಕ್ಟರ ಹೆಸರು, ಸಹೋದ್ಯೋಗಿಯ ಹೆಸರು ಬೇಡ. ನಡೆದ ಸಂಗತಿಯ ಪೂರ್ತಿ ದಾಖಲೆ ಕೇಸ್ ಶೀಟಿನಲ್ಲಿರಬೇಕು, ಇನ್ಸಿಡೆಂಟ್ ಫಾರಂನಲ್ಲಿರಬೇಕು. ರೋಗಿ ಬಿದ್ದರೆ, ರಕ್ತ ಬದಲಾದರೆ, ಔಷಧ ತಪ್ಪಿದರೆ ಫಾರಂ ತುಂಬಲೇಬೇಕು. ನೋಟ್‌ಬುಕ್ ಅದಕ್ಕೆ ಬದಲಿಯಲ್ಲ, ಅಡಗುತಾಣವೂ ಅಲ್ಲ. ನೋಟ್‌ಬುಕ್ಕಿನಲ್ಲಿರಬೇಕಾದ್ದು ‘ನಾನು ಏನು ಕಲಿತೆ, ಏನು ಬದಲಿಸುತ್ತೇನೆ’ ಎಂಬುದು. ಪ್ರಕರಣ ಪೊಲೀಸ್ ಠಾಣೆಗೋ ಗ್ರಾಹಕರ ಆಯೋಗಕ್ಕೋ ಹೋಗಿದ್ದರೆ, ಅದರ ಬಗ್ಗೆ ಬರೆಯುವ ಮೊದಲು ಆಸ್ಪತ್ರೆಯ ವಕೀಲರನ್ನು ಕೇಳಲಿ.

ನೀವು ಏನು ಮಾಡಬಹುದು ಎಂಬ ಬಗ್ಗೆ ನನಗೆ ತೋಚಿದ್ದನ್ನು ಹೇಳುತ್ತೇನೆ. ಸರಿ ಕಾಣದ್ದನ್ನು ಬಿಡಿ. ಬೆಳಗಿನ ಪಾಳಿಯವರೂ ಮಧ್ಯಾಹ್ನದ ಪಾಳಿಯವರೂ ಕೂಡಿ ಇರುವ ಹೊತ್ತು ಮಧ್ಯಾಹ್ನದ ಎರಡು ಗಂಟೆ. ತಿಂಗಳಲ್ಲಿ ಒಂದು ದಿನ ಆ ಹೊತ್ತಿಗೆ ಅರ್ಧ ಗಂಟೆ ತೆಗೆದಿಡಿ. ವಾರ್ಡನ್ನು ಇಬ್ಬರು ನೋಡಿಕೊಳ್ಳಲಿ, ಉಳಿದವರು ಡ್ರೆಸಿಂಗ್ ರೂಮಿನಲ್ಲೋ ಸ್ಟೋರಿನಲ್ಲೋ ಬಾಗಿಲು ಮುಂದೆ ಮಾಡಿಕೊಂಡು ಕೂರಲಿ. ಚಹಾ ಇರಲಿ. ಒಬ್ಬರು ಒಂದು ಸಂಗತಿ ಹೇಳಲಿ, ಓದಿ ಹೇಳಿದರೂ ಸರಿ, ಬಾಯಲ್ಲಿ ಹೇಳಿದರೂ ಸರಿ. ಬರೆಯಲು ಒಲ್ಲದವರು ಮಾತಾಡಲಿ. ಉಳಿದವರು ಬುದ್ಧಿ ಹೇಳಬಾರದು, ಪ್ರಶ್ನೆ ಕೇಳಬಹುದು. ಅಮೆರಿಕದಲ್ಲಿ ಕೆನೆತ್ ಶ್ವಾರ್ಟ್ಜ್ ಎಂಬ ವಕೀಲ ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವಾಗ ಸಿಬ್ಬಂದಿ ತೋರಿದ ಸಣ್ಣಪುಟ್ಟ ಅಕ್ಕರೆಯನ್ನು ಬರೆದಿಟ್ಟು 1995ರಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ಶುರುವಾದ ಇಂಥ ಕೂಟಗಳು ಇಂಗ್ಲೆಂಡಿಗೂ ಹಬ್ಬಿವೆ. ವೈದ್ಯರು, ನರ್ಸುಗಳು, ಸಹಾಯಕರು ಒಟ್ಟಿಗೆ ಕೂರುತ್ತಾರೆ. ನಮ್ಮಲ್ಲಿ ಆಯಾ, ಅಟೆಂಡರ್‌ಗಳನ್ನು ಕರೆದರೆ ನರ್ಸುಗಳು ಬಾಯಿ ಬಿಡುತ್ತಾರೋ ಇಲ್ಲವೋ, ಸಂದೇಹ. ಮೊದಲು ನಮ್ಮ ನಮ್ಮಲ್ಲೇ ಶುರುವಾಗಲಿ.

ಮೊದಲ ದಿನ ಇನ್‌ಚಾರ್ಜ್ ಆದ ನೀವೇ ಹೇಳಿ. ಗೆದ್ದ ಕಥೆ ಬೇಡ. ‘ಆವತ್ತು ಏನು ಮಾಡಬೇಕೋ ತಿಳಿಯಲಿಲ್ಲ’ ಎನ್ನುವಂಥದ್ದು ಇರಲಿ. ನೋಟ್‌ಬುಕ್ ಅವರ ಬ್ಯಾಗಿನಲ್ಲೇ ಇರಲಿ, ನಿಮ್ಮ ಬೀರುವಿಗೆ ಬರಬಾರದು. ಎಷ್ಟು ಪುಟ ತುಂಬಿತೆಂದು ವಾರ್ಷಿಕ ವರದಿಯಲ್ಲಿ ಬರೆಯಬಾರದು. ಆ ಕೋಣೆಯಲ್ಲಿ ಕೇಳಿದ ಒಂದು ಮಾತಿನ ಆಧಾರದ ಮೇಲೆ ನೀವು ಒಂದೇ ಒಂದು ಮೆಮೊ ಕೊಟ್ಟರೆ ಮುಂದಿನ ತಿಂಗಳು ಚಹಾ ಮಾತ್ರ ನಡೆಯುತ್ತದೆ. ಮಾತಿನ ನಡುವೆ ಫ್ರಿಜ್ಜಿಗೆ ಎರಡನೆಯ ಡಬ್ಬಿ ಬೇಕು ಎಂದು ಬಂದರೆ ಆ ವಾರವೇ ತರಿಸಿಕೊಡಿ. ನಾಲ್ಕು ಜನರ ಮುಂದೆ ಹೇಳಿದ್ದಕ್ಕೆ ಡಬ್ಬಿ ಬಂತು ಎಂದು ಗೊತ್ತಾದರೆ ಇನ್ನೊಬ್ಬಳು ಬಾಯಿ ಬಿಡುತ್ತಾಳೆ.

ಮುಂದಿನ ತಿಂಗಳ ಡ್ಯೂಟಿ ರೋಸ್ಟರ್ ಬರೆಯಲು ನೀವು 25ನೇ ತಾರೀಖಿನ ಹೊತ್ತಿಗೆ ಕೂರುತ್ತೀರಿ. ಆಫ್, ಸಿಎಲ್, ನೈಟ್ ಎಲ್ಲ ಹೊಂದಿಸಿದ ಮೇಲೆ ಒಂದು ದಿನದ ಎರಡು ಗಂಟೆಯ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಡಿ. ಮೊದಲ ಸಲ ಮೂರೇ ಜನ ಬಂದರೂ ನಡೆಸಿ.

ಗೌರವದಿಂದ,
ನಿವೃತ್ತ ನರ್ಸಿಂಗ್ ಬೋಧಕಿ